ಒರಟು ಕೈ

ಇಸ್ತ್ರಿಯಕ್ಕ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಹಾಗೆ ಕರೆಯುವವರು ಒಬ್ಬೊಬ್ಬರೇ ಇಲ್ಲವಾಗಿದ್ದರು. ದೊಡ್ಡಾಸ್ಪತ್ರೆಯ ಬಟ್ಟೆಮನೆಯಲ್ಲಿ ಅವಳ ಕೆಲಸ. ಒಗೆದು ಒಣಗಿ ಬಂದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಕೋಟು ಎಲ್ಲವೂ ಅವಳ ಮೇಜಿನ ಮೇಲೆ ಹಾದುಹೋಗಬೇಕು. ಒಂದು ಸುಕ್ಕು ಉಳಿದರೂ ವಾಪಸ್ಸು. "ರೋಗಿ ಸುಕ್ಕು ನೋಡ್ತಾನಾ ಅಕ್ಕ?" ಎಂದು ಜೊತೆಯವರು ಕೇಳಿದರೆ, "ಮಲಗಿದೋನಿಗೆ ನೋಡೋಕೆ ಇನ್ನೇನಿರುತ್ತೆ?" ಅನ್ನುವಳು.

ಗಂಡ ಲಿಫ್ಟ್ ರಿಪೇರಿ ಮಾಡುವವನು. "ಊರೋರನ್ನೆಲ್ಲ ಮೇಲೆ ಹತ್ತಿಸ್ತೀನಿ, ನಾನು ಮಾತ್ರ ಜೀವಮಾನವೆಲ್ಲ ಲಿಫ್ಟಿನ ಕೆಳಗಿನ ಗುಂಡೀಲೇ" ಎಂದು ನಗುತ್ತಿದ್ದ. ತನ್ನ ಹಳೇ ಕಾರನ್ನು ಬೇರೆಯವರ ಕೈಗೆ ಕೊಟ್ಟವನಲ್ಲ. ಬೋಲ್ಟು ಬಿಗಿಯುವಾಗ ಮಗುವಿನ ಅಂಗಿಗೆ ಗುಂಡಿ ಹಾಕುವಷ್ಟು ಮೆಲ್ಲಗೆ ತಿರುಗಿಸುವನು. ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೆ ಗೊತ್ತಾಗುತ್ತೆ, ಅದಕ್ಕಿಂತ ಹೆಚ್ಚು ತಿರುಗಿಸೋದು ದುರಾಸೆ ಅನ್ನುವನು.

ಒಂದು ರಜಾದಿನ ಬೆಳಗ್ಗೆ ಅವನು ಶೆಡ್ಡಿನಲ್ಲಿ ಕಾರಿನ ಮುಂದಿನ ಚಕ್ರಗಳನ್ನು ಇಳಿಜಾರು ಹಲಗೆ ಹತ್ತಿಸಿ, ಗೋಣಿತಾಟು ಹಾಸಿಕೊಂಡು ಕೆಳಗೆ ನುಸುಳಿದ. ಹಳೇ ಎಂಜಿನ್ ಆಯಿಲ್ ಇಳಿಸಿ ಹೊಸದು ಹಾಕುವ ಕೆಲಸ. ಶೆಡ್ಡಿಗೆ ತೆರೆದ ಕಿಟಕಿಯ ಪಕ್ಕವೇ ಇವಳು ಮನೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬೋಲ್ಟು ಬಿಚ್ಚಿದ್ದು ಕೇಳಿಸಿತು. ಎಣ್ಣೆ ಧಾರೆಯಾಗಿ ತಗಡಿನ ತಟ್ಟೆಗೆ ಬಿದ್ದದ್ದು ಕೇಳಿಸಿತು.

"ರೀ, ತಿಂಡಿ ಆರ್ತಾ ಇದೆ."

"ಬಂದೆ ಕಣೇ."

ಧಾರೆ ಸಣ್ಣದಾಗಿ ಹನಿಯಾಯಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಅವಳು ಇನ್ನೊಮ್ಮೆ ಕರೆದಳು. ಉತ್ತರವಿಲ್ಲ, ಹನಿ ಬೀಳುತ್ತಲೇ ಇತ್ತು. ಹನಿ ಬೀಳುತ್ತಿದೆ ಅಂದರೆ ಕೆಲಸ ನಡೆಯುತ್ತಿದೆ ಎಂದೇ ಅವಳ ಲೆಕ್ಕ. "ಕಾರಿನ ಕೆಳಗೆ ಹೋದ್ರೆ ಕಿವಿ ಮನೇಲಿ ಬಿಟ್ಟು ಹೋಗ್ತಾರೆ" ಎಂದು ಗೊಣಗಿ, ಉಳಿದ ಬಟ್ಟೆಯನ್ನೂ ಮುಗಿಸಿ, ಮಡಿಸಿ, ಬೀರುವಿನಲ್ಲಿಟ್ಟು ಹೊರಗೆ ಬಂದಳು. ಹೊರಗೆ ಚಾಚಿದ್ದ ಪಾದಗಳು ಎರಡು ದಿಕ್ಕಿಗೆ ಮಗುಚಿ ಬಿದ್ದಿದ್ದವು.

ಹೃದಯ ನಿಂತಿತ್ತು. ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಬಲ್ಲ ಡಾಕ್ಟರು, "ಒಂದೇ ಕ್ಷಣ ಅಮ್ಮ, ಪಕ್ಕದಲ್ಲೇ ಕೂತಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ" ಅಂದರು. ಅವಳು ತಲೆಯಾಡಿಸಿದಳು. ಅವನನ್ನು ಹೊದಿಸಿದ್ದ ಬಟ್ಟೆಗೆ ಇಸ್ತ್ರಿ ಹಾಕಿದವಳು ಅವಳೇ ಎಂಬುದು ಆ ಹೊತ್ತಿನಲ್ಲೂ ಅವಳಿಗೆ ಹೊಳೆದಿತ್ತು.

ಅವನನ್ನು ಮನೆಗೆ ತರುವ ಮೊದಲೇ ಅವಳನ್ನು ಯಾರೋ ಕರೆತಂದು ಬಿಟ್ಟರು. ಮುಂದಿನ ಕೋಣೆ ಜನರಿಂದ ತುಂಬುತ್ತಿತ್ತು. ಅವಳು ಹಿಂದಿನ ಬಾಗಿಲಿಂದ ಶೆಡ್ಡಿಗೆ ಹೋದಳು. ಕಾರು ಹಾಗೇ ಮೂತಿ ಎತ್ತಿಕೊಂಡು ನಿಂತಿತ್ತು. ಗೋಣಿತಾಟು ಹಾಗೇ ಇತ್ತು. ಎಣ್ಣೆ ಇನ್ನೂ ಹನಿಯುತ್ತಿತ್ತು, ತೀರಾ ಅಪರೂಪಕ್ಕೊಂದು. ಟಕ್.

ಅವಳು ಆ ಗೋಣಿಯ ಮೇಲೇ ಮಲಗಿ ಒಳಗೆ ನುಸುಳಿದಳು. ತಟ್ಟೆಯ ಎಣ್ಣೆಯೊಳಗೆ ಕೈ ಅದ್ದಿ ಬೋಲ್ಟು ಹುಡುಕಿದಳು. ಎಣ್ಣೆ ಹನಿಯುವ ತೂತಿಗೆ ಹಿಡಿದಳು, ಜಾರಿತು, ಮತ್ತೆ ಹಿಡಿದಳು. ಓರೆಯಾಗಿ ಕಚ್ಚಿತು. ಸ್ಪ್ಯಾನರ್ ಹಾಕಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಿರುಗಿಸಿದಳು. ಕಿರ್ ಎಂದು ಬಿಗಿಯಾಯಿತು. ಅವಳು ಬಿಡಲಿಲ್ಲ. ಒಳಗೆ ಏನೋ ಸಡಿಲಿದ ಹಾಗಾಗಿ ಸ್ಪ್ಯಾನರ್ ಬೆಣ್ಣೆಯಲ್ಲಿ ಹೋದಂತೆ ಸುತ್ತಿತು. ಹನಿ ನಿಂತಿತು. ಆಮೇಲೆ ಏನಾಯಿತು, ಯಾರು ಬಂದರು, ಯಾರು ಅತ್ತರು, ಅವಳಿಗೆ ನೆನಪಿಲ್ಲ.

ಶೆಡ್ಡಿನಲ್ಲಿ ನಿಂತಿದ್ದು ಮನೆಯೊಳಗೆ ಶುರುವಾಯಿತು. ಅಡುಗೆಮನೆಯಲ್ಲಿದ್ದರೆ ಬಚ್ಚಲಲ್ಲಿ ಟಕ್. ಬಚ್ಚಲಿಗೆ ಹೋದರೆ ಕೋಣೆಯಲ್ಲಿ. ನಲ್ಲಿ ರಿಪೇರಿಯವನನ್ನು ಕರೆಸಿದಳು. ಅವನು ಎಲ್ಲ ನಲ್ಲಿಗಳನ್ನೂ ನೋಡಿ, "ನಿಮ್ಮನೇಲಿ ಒಂದೂ ಸೋರ್ತಿಲ್ಲ ಅಕ್ಕ, ನಮ್ಮನೇವು ಹೀಗಿದ್ರೆ ಸಾಕಿತ್ತು" ಎಂದು ಹೊರಟುಹೋದ. ಮತ್ತೆ ಕರೆಸಿದಾಗ ಅವನು ನಲ್ಲಿಗಿಂತ ಹೆಚ್ಚಾಗಿ ಅವಳ ಮುಖ ನೋಡಿದ. ಬಟ್ಟೆಮನೆಯಲ್ಲಿ ಇಸ್ತ್ರಿಯ ಹಬೆ ನೀರಾಗಿ ತೊಟ್ಟಿಕ್ಕಿದರೂ ಅವಳ ಕೈ ನಿಂತುಬಿಡುತ್ತಿತ್ತು. ಕೆಲವೊಮ್ಮೆ ಅದರ ಹಿಂದೆಯೇ "ಬಂದೆ ಕಣೇ" ಎಂಬ ದನಿ. ಕರೆದದ್ದು ತಾನೇ, ಬರುತ್ತೇನೆ ಎಂದವನನ್ನು ನೋಡಲು ಹೋಗದವಳೂ ತಾನೇ.

ಕಾರನ್ನು ಮೈದುನ ಮಾರಿದ. ಹೊಸ ಆಯಿಲ್ ಹಾಕಿ, ತೊಳೆದು, ಅದೇ ವಾರ ಪಕ್ಕದ ಬೀದಿಯ ಈಜಿನ ಮೇಷ್ಟ್ರಿಗೆ ಕೊಟ್ಟುಬಿಟ್ಟ. ಮೇಷ್ಟ್ರು ಆಗಷ್ಟೇ ನಿವೃತ್ತರಾಗಿದ್ದ ಅಗಲ ಹೆಗಲಿನ ಮನುಷ್ಯ. ಈಜುಕೊಳದಲ್ಲಿ ಮಕ್ಕಳಿಗೆ ಕೈಕಾಲು ಬಡಿಯಲು ಕಲಿಸಿ ಆಯಸ್ಸು ಕಳೆದವರು. ಕಾರು ಹೋದಾಗ ಅವಳು ಕಿಟಕಿ ಹಾಕಿಕೊಂಡು ಒಳಗಿದ್ದಳು.

ಸ್ವಲ್ಪ ದಿನದ ಮೇಲೆ ಬಸ್ಸಿಗೆ ಹೋಗುವಾಗ ರಸ್ತೆಯ ಮೇಲೆ ಕಪ್ಪು ಚುಕ್ಕೆ ಕಂಡಳು. ಬೆರಳು ತಾಗಿಸಿದಳು. ಎಣ್ಣೆ. ಮುಂದೆ ಇನ್ನೊಂದು ಚುಕ್ಕೆ, ಅದರ ಮುಂದೆ ಮತ್ತೊಂದು. ಬಸ್ಸು ಬಂದು ಹೋಯಿತು, ಅವಳು ನೆಲ ನೋಡುತ್ತ ನಡೆದಳು. ಚುಕ್ಕೆಗಳು ತಿರುವು ದಾಟಿ, ಹಾಲಿನಂಗಡಿ ಮುಂದೆ ಒತ್ತಾಗಿ ಸೇರಿ, ಮೇಷ್ಟ್ರ ಗೇಟಿನೊಳಗೆ ಹೋಗಿದ್ದವು. ಕಾರು ಅಂಗಳದಲ್ಲಿತ್ತು. ಕೆಳಗೊಂದು ಬಣ್ಣದ ಡಬ್ಬಿ. ಅವಳು ನಿಂತು ಕೇಳಿದಳು. ಟಕ್.

"ಬಾಮ್ಮ, ಯಾಕೆ ಹೊರಗೇ ನಿಂತೆ?" ಮೇಷ್ಟ್ರು ಪೇಪರ್ ಮಡಿಸಿ ಎದ್ದರು. ಅವಳ ಕಣ್ಣು ಡಬ್ಬಿಯ ಮೇಲಿದ್ದುದನ್ನು ಕಂಡು, "ಅದಾ? ಗ್ಯಾರೇಜಿನವನಿಗೆ ತೋರಿಸ್ದೆ. ಬೋಲ್ಟು ಕೂರೋ ತೂತಿನ ಥ್ರೆಡ್ಡೆಲ್ಲ ಕಿತ್ತುಹೋಗಿದೆಯಂತೆ. ಬಿಚ್ಚಿದ್ರೆ ಮತ್ತೆ ಕೂರೋ ಗ್ಯಾರಂಟಿ ಇಲ್ಲ ಅಂದ. ಸೋರಿದಷ್ಟು ಹಾಕ್ಕೊಂಡು ಓಡಿಸ್ತಿದ್ದೀನಿ" ಅಂದರು. ಆಮೇಲೆ ದಾಕ್ಷಿಣ್ಯದಿಂದ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡ, ನಿಮ್ಮೆಜಮಾನ್ರು ಒಳ್ಳೇ ಕೆಲಸಗಾರ ಅಂತಿದ್ರು. ಕೈ ಸ್ವಲ್ಪ ಒರಟು ಅನ್ಸುತ್ತೆ."

ಅವಳು "ಹೂಂ" ಎಂದು ಬಂದುಬಿಟ್ಟಳು.

ಆ "ಹೂಂ" ಅವಳನ್ನು ಹನಿಗಿಂತ ಹೆಚ್ಚು ಕಾಡಿತು. ಮೆತ್ತಗೆ ತಿರುಗಿಸುತ್ತಿದ್ದ ಆ ಬೆರಳುಗಳು ಮಣ್ಣು ಸೇರಿದ ಮೇಲೆ ಅವಕ್ಕೆ ಒರಟು ಎಂಬ ಹೆಸರು, ಹೌದು ಅಂದವಳು ಹೆಂಡತಿ. ಊಟಕ್ಕೆ ಕೂತರೆ ಎದುರಿನ ಖಾಲಿ ಕುರ್ಚಿಯಲ್ಲಿ ಆ ಕೈಗಳು ಮಾತ್ರ ಬಂದು ಕೂತ ಹಾಗಿರುತ್ತಿತ್ತು. ಬೈಯುತ್ತಿರಲಿಲ್ಲ, ಸುಮ್ಮನೆ ಮೇಜಿನ ಮೇಲಿರುತ್ತಿದ್ದವು. ಅವಳು ಅರ್ಧಕ್ಕೇ ಎದ್ದು ತಟ್ಟೆ ತೊಳೆದಿಡುವಳು. ಕೊನೆಗೊಂದು ಬೆಳಗ್ಗೆ ಕೆಲಸಕ್ಕೆ ರಜೆ ಹೇಳಿ ಮೇಷ್ಟ್ರ ಗೇಟು ತೆರೆದಳು.

"ಅದು ಅವ್ರ ಕೈಯಲ್ಲ ಮೇಷ್ಟ್ರೇ," ಅಂದಳು, ಕೂರುವ ಮೊದಲೇ. "ನನ್ ಕೈ. ಅವ್ರು ಹೋದ ದಿನ ಬೋಲ್ಟ್ ಹಾಕಿದ್ದು ನಾನು. ಅವ್ರು ಯಾವತ್ತೂ ಹಾಗೆ ಬಿಗೀತಿರ್ಲಿಲ್ಲ. ನೀವು ಆ ಮಾತು ವಾಪಸ್ ತಗೋಬೇಕು."

ಮೇಷ್ಟ್ರು "ತಗೊಂಡೆ ತಾಯಿ" ಎಂದು ಎದ್ದು ಕಾರಿನ ಬೀಗದ ಕೈ ತಂದರು. "ಬಾ, ಅದಕ್ಕೊಂದು ಗತಿ ಕಾಣಿಸೋಣ."

ಈ ಸಲ ಹೋದದ್ದು ಬೇರೆ ಗ್ಯಾರೇಜಿಗೆ. ಅಲ್ಲಿಯವನು ಮಾತಿನಮಲ್ಲ. ಕಾರನ್ನು ಮೇಲೆತ್ತಿ, ಟಾರ್ಚು ಬಿಟ್ಟು ನೋಡಿ, "ಆಯಿಲ್ ತುಂಬೋ ಚೇಂಬರ್ ಅಲ್ಯೂಮಿನಿಯಂ ಅಲ್ವಾ, ಮೆತ್ತಗಿರುತ್ತೆ. ಬೋಲ್ಟು ಕಬ್ಬಿಣ. ಗಂಡ ಹೆಂಡ್ತಿ ಜಗಳದ ಹಾಗೆ, ಗಟ್ಟಿ ಇರೋರಿಗೆ ಏನೂ ಆಗಲ್ಲ" ಎಂದ. ಇಬ್ಬರೂ ನಗದಿದ್ದುದನ್ನು ಕಂಡು ಕೆಲಸಕ್ಕಿಳಿದ. ಬೋಲ್ಟನ್ನು ಕೆಳಗೆಳೆಯುತ್ತ ಸುತ್ತಿ ಸುತ್ತಿ ಬಿಡಿಸಿದ. ಅದರ ಏಣುಗಳ ನಡುವೆ ಬೆಳ್ಳಗಿನ ಲೋಹದ ಎಳೆಗಳು ಸುತ್ತಿಕೊಂಡಿದ್ದವು. "ಓರೆ ಕೂರಿಸಿ ಬಿಗಿದಿದ್ದಾರೆ, ನೋಡಿ. ಚೇಂಬರ್ ಬದಲಾಯಿಸೋದೇನೂ ಬೇಡ. ತೂತು ಒಂಚೂರು ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು ದಪ್ಪ ಬೋಲ್ಟ್ ಹಾಕ್ತೀನಿ. ಆಯಿಲ್ ಪೂರ್ತಿ ಇಳೀಲಿ, ಅಷ್ಟರಲ್ಲಿ ಊಟ ಮುಗಿಸ್ಕೊಂಡು ಬರ್ತೀನಿ."

ಅವನು ಹೋದ. ಧಾರೆ ಸಣ್ಣದಾಯಿತು. ಹನಿ ಶುರುವಾಯಿತು.

ಅವಳು ಎದ್ದು ಬಾಗಿಲ ತನಕ ಹೋದಳು. ಹೊರಗೆ ಬಿಸಿಲು, ಲಾರಿಗಳ ಸದ್ದು. ಅಲ್ಲಿ ನಿಂತಿದ್ದರೆ ಹನಿ ಕೇಳಿಸುತ್ತಿರಲಿಲ್ಲ. ತಿರುಗಿ ಬಂದು ಮರದ ಬೆಂಚಿನ ಮೇಲೆ ಮೇಷ್ಟ್ರ ಪಕ್ಕ ಕೂತಳು.

"ಈ ಸದ್ದು ಕೇಳ್ತಿತ್ತು," ಅಂದಳು. "ಕೆಲಸ ಮಾಡ್ತಿದ್ದಾರೆ ಅನ್ಕೊಂಡೆ. ಕರೆದೆ, ಬರ್ಲಿಲ್ಲ. ಗೊಣಗಿದೆ. ಬಟ್ಟೆ ಮಡಚ್ತಾ ಕೂತಿದ್ದೆ ಮೇಷ್ಟ್ರೇ. ಅವ್ರು ಒಂದು ಕೂಗು ಹಾಕಿದ್ದಿದ್ರೆ ಓಡಿ ಹೋಗ್ತಿದ್ನಲ್ಲ."

ಮೇಷ್ಟ್ರು ಹನಿ ಬೀಳುವ ತಟ್ಟೆಯನ್ನೇ ನೋಡುತ್ತಿದ್ದರು. "ಮುಳುಗೋರು ಕೂಗಲ್ಲಮ್ಮ. ಕೊಳ ಕಾಯೋಕೆ ಹೊಸದಾಗಿ ಬಂದೋರಿಗೆ ಇದನ್ನ ನಂಬಿಸೋದೇ ಕಷ್ಟ. ಕೈ ಬೀಸ್ತಾರೆ, ಕಿರುಚ್ತಾರೆ ಅಂತ ಕಾಯ್ತಾ ಇರ್ತಾರೆ. ಪಕ್ಕದಲ್ಲಿ ಆಡ್ತಿರೋ ಮಗೂಗೂ ಗೊತ್ತಾಗಲ್ಲ. ನೀರು ನೀರಿನ ಪಾಡಿಗೆ ಸದ್ದು ಮಾಡ್ತಿರುತ್ತೆ." ಆಮೇಲೆ, "ನನ್ನ ಕೊಳದಲ್ಲೂ ಒಬ್ಬ ಹೋದ. ನಾನು ದಡದಲ್ಲೇ ಇದ್ದೆ" ಅಂದರು.

ಹನಿ ಬೀಳುತ್ತ ಬೀಳುತ್ತ ಬಿಡುವು ಹೆಚ್ಚಾಯಿತು. ಪ್ರತಿ ಬಿಡುವಿನಲ್ಲೂ ಅವಳು ಉಸಿರು ಹಿಡಿದಳು. ಗ್ಯಾರೇಜಿನವನು ಬಾಯಿ ಒರೆಸಿಕೊಳ್ಳುತ್ತ ಬಂದಾಗ ಒಂದು ಹನಿ ತೂತಿನ ಅಂಚಿನಲ್ಲಿ ಜೋತಾಡುತ್ತಿತ್ತು. ಅವನು ಅದನ್ನು ಬಟ್ಟೆಯಿಂದ ಒರೆಸಿ, ಗ್ರೀಸು ಬಳಿದ ಹತಾರ ಹಿಡಿದು ಕೊರೆಯತೊಡಗಿದ. ಒಂದಿಷ್ಟು ತಿರುಗಿಸಿ, ಹಿಂದಕ್ಕೆ ಬಿಟ್ಟು, ಪುಡಿ ಒರೆಸಿ, ಮತ್ತೆ ತಿರುಗಿಸುವನು. ಬಾಯಿ ಬಿಟ್ಟರೆ ನಿಲ್ಲದವನು ಆ ಹೊತ್ತು ತುಟಿ ಎರಡು ಮಾಡಲಿಲ್ಲ. ಹೊಸ ಬೋಲ್ಟು ಬರಿಗೈಯಲ್ಲೇ ನೇರ ಒಳಗೆ ಹೋಯಿತು.

ಕಾರು ಸೋರುವುದು ನಿಂತಿತು. ಮೇಷ್ಟ್ರು ಡಬ್ಬಿಯನ್ನು ಗಿಡಕ್ಕೆ ನೀರು ಹಾಕಲು ಇಟ್ಟುಕೊಳ್ಳಲು ಹೋಗಿ, ಎಣ್ಣೆ ವಾಸನೆ ಹೋಗದೆ ಎಸೆದರು. ಅವಳ ಮನೆಯಲ್ಲಿ ಸದ್ದು ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. ಬಂದಾಗ ಎದ್ದು ಹುಡುಕುವುದನ್ನು ಮಾತ್ರ ಬಿಟ್ಟಳು.

ಆ ವಾರದ ಕೊನೆಗೆ ಮೈದುನ ಫೋನು ಮಾಡಿದ. ಅವನಿಗೂ ಹೇಳಿಬಿಡಬೇಕು ಅನಿಸಿತು. "ನೀನು ಮಾರಿದ ಕಾರು ಸೋರ್ತಿತ್ತು. ಬೋಲ್ಟ್ ಕೆಡಿಸಿದ್ದು ನಾನು" ಎಂದು ಶುರುಮಾಡಿದಳು.

"ಸೋರುತ್ತೆ ಅಂತ ಗೊತ್ತಿರ್ಲಿಲ್ಲ ಅತ್ತಿಗೆ," ಅಂದ ಅವನು. "ಕೆಳಗೆ ಹೋಗಿದ್ದು ನೀವು ಅಂತ ಗೊತ್ತಿತ್ತು. ಎಲ್ರಿಗೂ ಗೊತ್ತಿತ್ತು. ಅಣ್ಣನ ಪಕ್ಕ ಕೂತಾಗ ನಿಮ್ಮೆರಡು ಕೈ ಮೊಣಕೈವರೆಗೂ ಕಪ್ಪಗಿತ್ತು. ಅದಕ್ಕೇ ಕಾರನ್ನ ಅಲ್ಲಿಂದ ಬೇಗ ಸಾಗಿಸಿದ್ದು."

ಅವಳು ಫೋನು ಹಿಡಿದ ಕೈಯನ್ನು ನೋಡಿಕೊಂಡಳು. "ನಂಗೆ ನೆನಪೇ ಇಲ್ಲ. ತೊಳ್ಕೊಂಡ್ನಾ?"

"ಅಮ್ಮ ತೊಳೆದ್ರು. ಬಕೆಟ್ ತರ್ಸಿ, ಸೋಪು ಹಾಕಿ, ಉಗುರಿನ ಸಂದೀಲೆಲ್ಲ ಉಜ್ಜಿ ಉಜ್ಜಿ. ನೀವು ಮಗು ಥರ ಕೈ ಕೊಟ್ಕೊಂಡು ಕೂತಿದ್ರಿ."

ಅತ್ತೆ ಮಾತು ಕಡಿಮೆಯ ಹೆಂಗಸು. ಮದುವೆಯಾದಂದಿನಿಂದ ಸೊಸೆಯ ಜೊತೆ ಬೇಕಾದಷ್ಟೇ ಮಾತು. ಮಗ ಹೋದ ಮೇಲೆ ಇವಳು ಆ ಮನೆ ಕಡೆ ಕಾಲಿಟ್ಟಿರಲಿಲ್ಲ. ಅತ್ತೆಯ ಮುಖದಲ್ಲಿ ಅವನ ಹುಬ್ಬುಗಳಿದ್ದವು. ಮುಂದಿನ ರಜಾದಿನ ಹೋದಳು. ಮುದುಕಿ ಹಿತ್ತಲಲ್ಲಿ ಕಾಳು ಆರಿಸುತ್ತಿತ್ತು. ತಲೆಯೆತ್ತಿ ನೋಡಿ, ಪಕ್ಕದ ಮಣೆಯನ್ನು ಕಾಲಿನಿಂದ ಅವಳತ್ತ ತಳ್ಳಿ, ಮೊರವನ್ನು ಇಬ್ಬರಿಗೂ ಎಟಕುವ ಹಾಗೆ ಎಳೆದಿಟ್ಟಿತು.

"ಕಲ್ಲು ಜಾಸ್ತಿ ಇದೆ ಈ ಸಲ," ಅಂದಿತು. "ನಂಗೆ ಕಣ್ಣು ಸಾಲಲ್ಲ. ನೋಡು."

ಅವಳು ಕೂತಳು.