ಕೊಳದ ತಾಂಡೇಲ

ಮೂವತ್ತು ವರ್ಷ ತಾಂಡೇಲನಾಗಿ ಕಡಲಲ್ಲಿ ದೋಣಿ ನಡೆಸಿದ ಕೊಬಿನಾ ಎಗ್ಯಿರ್‌ಗೆ ಒಂದು ದಿನ ಮಂಡಿ ಕೈಕೊಟ್ಟಿತು. ಸುಮ್ಮನೆ ಕೂರುವ ಜಾತಿಯಲ್ಲ. ಹಿತ್ತಲಲ್ಲಿ ಕೊಳ ತೋಡಿಸಿ ಮುಗುಡು ಮೀನು ಸಾಕಿದ. ಅಂದಿನಿಂದ ಊರು ಅವನನ್ನು ತಾಂಡೇಲ ಎಂದು ಕರೆಯುವುದನ್ನೇ ಬಿಟ್ಟು ‘ಗುಂಡಿ ಕೊಬಿನಾ’ ಎಂದಿತು. ಓಡಿಹೋಗಲು ಜಾಗವೇ ಇಲ್ಲದ ಮೀನನ್ನು ಹಿಡಿಯುವುದೂ ಒಂದು ಗಂಡಸುತನವೇ ಎಂದು ದಡದ ಗಂಡಸರು ನಕ್ಕರು. ಅವನೂ ನಕ್ಕಂತೆ ಮಾಡಿದ. ಒಳಗೊಳಗೇ ಕುದಿದುಹೋದ. ತಾಂಡೇಲ ಎಂಬ ಆ ಒಂದು ಪದಕ್ಕಾಗಿ ಮೂರು ವರ್ಷ ಕಿವಿ ನೆಟ್ಟಗೆ ಮಾಡಿಕೊಂಡೇ ಬದುಕಿದ.

ಜುಲೈನಲ್ಲಿ ಸರ್ಕಾರ ಎಂದಿನಂತೆ ಒಂದು ತಿಂಗಳು ಮೀನುಗಾರಿಕೆ ನಿಲ್ಲಿಸಿತು. ಮೂರನೇ ವಾರಕ್ಕೆ ಊರಿನವರು ಬರೀ ಮೆಣಸಿನ ಚಟ್ನಿಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆ ಅದ್ದಿ ನಿಟ್ಟುಸಿರು ಬಿಡುತ್ತಿದ್ದರು. ಕೊಬಿನಾ ಎದೆಯುಬ್ಬಿಸಿ, ಇಡೀ ಊರಿನ ತಟ್ಟೆಗೆ ಮೀನು ಹಾಕುತ್ತೇನೆಂದು ಸಾರಿಬಿಟ್ಟ. ಮೀನು ಇಲಾಖೆಯ ಜಿಫಾ ಮೇಡಂ ತಾರೀಕು ಹೇಳಿ, ದೊಡ್ಡ ಬಲೆಯನ್ನೂ ತಂದರು. ಜನ ಪಾತ್ರೆ ಹಿಡಿದು ನಿಂತ ಮೇಲೆ ಅವನಿಗೆ ಹೊಳೆಯಿತು: ಅವತ್ತು ಮಂಗಳವಾರ. ಮಂಗಳವಾರ ಹುಟ್ಟಿದ್ದಕ್ಕೇ ಕೊಬಿನಾ ಎನಿಸಿಕೊಂಡವನು ಮಂಗಳವಾರವನ್ನೇ ಮರೆತಿದ್ದ.

ಅದು ಕಡಲ ದೇವರ ಬಿಡುವಿನ ದಿನ. ಬಲೆಗೆ ತೇಪೆ ಹಾಕಬಹುದು, ನೀರಿಗೆ ಸೋಕಿಸುವಂತಿಲ್ಲ. ಮರುದಿನವೋ, ಬಲೆ ಬೇರೆ ಊರಿಗೆ ಹೋಗಬೇಕು.

“ಇದು ನಲ್ಲಿ ನೀರು ಕಣ್ರೀ ಯಜಮಾನ್ರೇ, ಕಡಲಲ್ಲ,” ಎಂದರು ಜಿಫಾ.

“ನಲ್ಲಿಗೆ ನೀರು ಮಳೆಯಿಂದ ಬರುತ್ತೆ. ಮಳೆ ಎಲ್ಲಿಂದ ಬರುತ್ತೆ ಮೇಡಂ?”

ಓದಿದ ಹೆಂಗಸು ತಲೆಯೆತ್ತಿ ಮೋಡ ನೋಡಿದರು.

ಮೀನುಗಾರರ ಮುಖ್ಯಸ್ಥ ನಾನಾ ಬೋಟ್ಸಿ ಹಿರಿಯರನ್ನು ಕೂರಿಸಿಕೊಂಡು, ಕೊಳ ಕಡಲಿನ ಮಗುವೋ ಮೊಮ್ಮಗುವೋ ಎಂದು ಎರಡು ಗಂಟೆ ಚರ್ಚಿಸಿದರು. ಮೊಮ್ಮಗುವೇ ಎಂದಾಯಿತು, ಮೊಮ್ಮಗುವಿಗೂ ಅಜ್ಜನ ಮನೆಯ ನಿಯಮವೇ. ಬಲೆ ಒದ್ದೆಯಾಗಕೂಡದು. ತೀರ್ಪು ಕೊಟ್ಟ ನಾನಾರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು.

“ಬಲೆ ತಾನೇ? ಕೈ ಒದ್ದೆಯಾದ್ರೆ ಪರವಾಗಿಲ್ವಲ್ಲ,” ಎಂದಳು ಕೊಬಿನಾನ ಹೆಂಡತಿ ಎಕುವಾ. ಉತ್ತರಕ್ಕೂ ಕಾಯದೆ ಹೋಗಿ ಕೊಳದ ತೂಬು ಕಿತ್ತಳು.

ನೀರೆಲ್ಲ ಬಾಳೆತೋಟಕ್ಕೆ ಹರಿಯಿತು. ಕೆಸರಲ್ಲಿ ನೂರಾರು ಮೀನು ವಿಲವಿಲ ಒದ್ದಾಡಿದವು. ಊರಿಗೆ ಊರೇ ಧುಮುಕಿತು. ಮುಗುಡು ಕೈಗೆ ಸಿಕ್ಕಿದರೆ ತಾನೇ? ಗಂಡಸುತನದ ಮಾತಾಡಿದವರೆಲ್ಲ ಒಬ್ಬರ ಮೇಲೊಬ್ಬರು ಜಾರಿಬಿದ್ದರು. ಮಂಗಳವಾರ ಕೆಲಸ ಮುಟ್ಟುವುದಿಲ್ಲವೆಂದು ಕೈಕಟ್ಟಿ ದಂಡೆಯ ಮೇಲೆ ನಿಂತಿದ್ದ ಕೊಬಿನಾನಿಗೆ ಬಾಯಿ ಕಟ್ಟಲಾಗಲಿಲ್ಲ. ಎಡಕ್ಕೆ ಬನ್ನಿ, ಬಾಲ ಬಿಡಿ, ತಲೆ ಹಿಡೀರಿ ಎಂದು ಕೂಗತೊಡಗಿದ. ಜನ ದೋಣಿಯಲ್ಲಿದ್ದಂತೆ ಹೇಳಿದ್ದು ಕೇಳಿದರು, ಬುಟ್ಟಿಗಳು ತುಂಬತೊಡಗಿದವು.

ಮೂರು ಸಲ ಬಿದ್ದು ಟೋಪಿ ಕಳೆದುಕೊಂಡ ನಾನಾ ಬೋಟ್ಸಿ, ತೋಳುದ್ದದ ಮೀನನ್ನು ಎದೆಗವಚಿಕೊಂಡು ಎದ್ದರು. ಅದು ಬಾಲದಿಂದ ಅವರ ಕೆನ್ನೆಗೆ ಬಾರಿಸುತ್ತಿತ್ತು.

“ತಾಂಡೇಲ, ಇದನ್ನ ಎಲ್ಲಿ ಹಾಕ್ಲಿ? ಬೇಗ ಹೇಳಪ್ಪ.”

ಕೊಬಿನಾ ಕಿವಿಗೆ ಕೈಯಾನಿಸಿದ. ಪಕ್ಕದಲ್ಲೇ ಬುಟ್ಟಿಯಿತ್ತು.

“ಏನಂದ್ರಿ ನಾನಾ? ಸರಿಯಾಗಿ ಕೇಳಿಸ್ಲಿಲ್ಲ.”

ನಾನಾ ಇನ್ನೊಂದು ಏಟು ತಿಂದು, ಇಡೀ ಊರಿಗೆ ಕೇಳುವಂತೆ, ತಾಂಡೇಲ ಎಂದು ಕೂಗಿದರು. ಆಮೇಲೆಯೇ ಅವನು ಬುಟ್ಟಿ ತೋರಿಸಿದ್ದು.