ಮಕಬೂಲಸಾಬರ ಶೀತಲ ಸಮರ

ನಲವತ್ತೊಂದು ವರ್ಷ ಧಾರವಾಡದ ಸಪ್ತಾಪುರದ ಸ್ಕೂಟರು, ಮೋಟಾರ್‌ಸೈಕಲ್ಲುಗಳ ಎದೆಬಡಿತ ಕೇಳಿದ ಮಕಬೂಲಸಾಬರು ಈ ಮಾರ್ಚಿನಲ್ಲಿ ಸಿಂಹಾಸನ ತ್ಯಜಿಸಿದರು. ಸಿಂಹಾಸನವೆಂದರೆ ಗ್ಯಾರೇಜಿನ ಬಾಗಿಲಲ್ಲಿದ್ದ ಲಾರಿಯ ಟೈರು. ಅದರ ಮೇಲೆ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಅವರು ರೋಗ ಹೇಳುತ್ತಿದ್ದರು. ‘ಚೈನ್ ಸಡ್ಲ ಆಗೇತಿ’ ಎಂದರೆ ಆಗಿರುತ್ತಿತ್ತು. ಎಷ್ಟೋ ಪ್ರೊಫೆಸರರು ತಮ್ಮ ಗಾಡಿಯ ಜೊತೆಗೆ ತಮ್ಮ ಕೆಮ್ಮನ್ನೂ ಅವರಿಗೆ ಕೇಳಿಸಿ ಹೋದದ್ದುಂಟು. ಈಗಿನ ಗಾಡಿಗಳಿಗೆ ಮಗ ತನ್ವೀರ ಒಂದು ವಾಯರು ಚುಚ್ಚುತ್ತಾನೆ. ರೋಗದ ಹೆಸರು ಮೊಬೈಲಿನಲ್ಲಿ ಬರುತ್ತದೆ.

“ಕಿವಿ ಬ್ಯಾಡಾತು ಅಂದ ಮ್ಯಾಲೆ ನಾ ಯಾಕ ಬೇಕೋ?” ಎಂದು ಸಾಬರು ಕೀಲಿಕೈ ಮಗನ ಕೈಗಿಟ್ಟು ಮನೆಗೆ ಬಂದರು. ದುಃಖದಿಂದ ಬಂದರೆಂದು ತಿಳಿಯಬೇಡಿ. ಹೊಸ ರಾಜ್ಯ ಗೆಲ್ಲುವ ಹುಮ್ಮಸ್ಸಿನಲ್ಲಿ ಬಂದರು.

ಆ ರಾಜ್ಯ ಅಡುಗೆಮನೆ. ಅಲ್ಲಿ ಮೂವತ್ತೆರಡು ವರ್ಷಗಳಿಂದ ಅವರ ಹೆಂಡತಿ ಮದೀನಾಬಿಯವರು ನಿರಾತಂಕವಾಗಿ ಆಳುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ದಂಪತಿ ಪ್ರೀತಿಯ ಮಾತನ್ನು ದಖನಿ ಉರ್ದುವಿನಲ್ಲಿ ಆಡುತ್ತಾರೆ, ಜಗಳವನ್ನು ಅಚ್ಚ ಧಾರವಾಡ ಕನ್ನಡದಲ್ಲಿ. ನೆರೆಯವರಿಗೆ ನ್ಯಾಯ ತೀರ್ಮಾನಿಸಲು ಅನುಕೂಲವಾಗಲಿ ಎಂಬ ಸದುದ್ದೇಶವಿರಬೇಕು. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ನಾವು ಕೇಳಿದ್ದೆಲ್ಲ ಕನ್ನಡವೇ.

ಸಾಬರು ಮೊದಲ ವಾರ ಸಲಹೆ ಕೊಟ್ಟರು. ಎರಡನೆಯ ವಾರ ಡಬ್ಬಿಗಳನ್ನು ಗಾತ್ರದ ಪ್ರಕಾರ ಜೋಡಿಸಿದರು; ಅರಿಷಿಣ ಹುಡುಕಲು ಮದೀನಾಬಿಯವರಿಗೆ ಎರಡು ದಿನ ಹಿಡಿಯಿತು. ಮೂರನೆಯ ವಾರ, ಯಾರೂ ಇಲ್ಲದ ಹೊತ್ತು ನೋಡಿ, ಕುಕ್ಕರನ್ನು ಸರ್ವಿಸ್ ಮಾಡಿದರು. ಮುಚ್ಚಳದ ರಬ್ಬರು ಬಿಗಿಯಾಗಿದೆಯೆಂದು ಅದಕ್ಕೆ ಗ್ರೀಸ್ ಹಚ್ಚಿದರು. ಎಂಟು ದಿನ ಆ ಮನೆಯ ಬ್ಯಾಳಿಯಲ್ಲಿ ಬಸ್ ಡಿಪೋದ ವಾಸನೆ ಬರುತ್ತಿತ್ತು.

“ಇನ್ನ ಮ್ಯಾಲೆ ಗ್ಯಾಸಿನ ಹಂತೇಕ ಬರಬ್ಯಾಡ್ರಿ,” ಎಂದು ಮದೀನಾಬಿಯವರು ಹೊಸ್ತಿಲಲ್ಲಿ ನಿಂತು ಫರ್ಮಾನು ಹೊರಡಿಸಿದರು. “ಹೊಸ್ತಲಾ ದಾಟಬ್ಯಾಡ್ರಿ.”

“ಮನಿ ನಂದೂ ಅಲ್ಲೇನ?”

“ಮನಿ ನಿಮ್ಮದ. ಇದು ನಂದು.”

“ಅಡಗಿ ಏನು ಬ್ರಹ್ಮವಿದ್ಯಾ ಏನ? ಇಂಜಿನ್ ಬಿಚ್ಚಿ ಕೂಡಿಸಾವಗ ಇದೇನ ಲೆಕ್ಕ?”

ಮದೀನಾಬಿಯವರು ಸ್ವಲ್ಪ ಹೊತ್ತು ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ಸಾಬರಿಗೆ ನಷ್ಟವಾಗಿದೆ.

“ಹಂಗಾರ ಬೆಂಕಿ ಮುಟ್ಟದ ಏನರ ಒಂದು ಮಾಡಿ ತೋರಸ್ರಿ. ಯಾರೂ ಕೈ ಹಚ್ಚಬಾರದು. ಬರೂ ಆಯಿತವಾರ ಆಪಾ ಊಟಕ್ಕ ಬರ್ತಾಳ. ಆಕಿ ಬಟ್ಟಲಾ ಖಾಲಿ ಮಾಡಿದಳೋ, ಅಡಗಿ ಮನ್ಯಾಗ ನಿಮಗ ಜಾಗಾ. ಮಾಡಲಿಲ್ಲೋ, ಜಲ್ಮಕ್ಕ ಈ ಹೊಸ್ತಲಾ ದಾಟಂಗಿಲ್ಲ.”

ಆಪಾ ಎಂದರೆ ಮದೀನಾಬಿಯವರ ಅಕ್ಕ, ಹುಬ್ಬಳ್ಳಿ ವಿದ್ಯಾನಗರದ ಮುಸರತ ಆಪಾ. ಯಾರ ಮನೆಯಲ್ಲೂ ಬಟ್ಟಲು ಖಾಲಿ ಮಾಡಿದ ಅಪವಾದ ಅವರ ಮೇಲಿಲ್ಲ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, ಬಟ್ಟಲನ್ನು ಎರಡೇ ಬೆರಳಿನಿಂದ ಆಚೆ ತಳ್ಳುತ್ತಾರೆ. ಆ ಎರಡು ಬೆರಳಿಗೆ ಹೆದರಿ ನೆಂಟರ ಮನೆಗಳಲ್ಲಿ ಖೀರು ಮಾಡುವುದನ್ನೇ ಬಿಟ್ಟವರಿದ್ದಾರೆ.

“ಆತು,” ಎಂದರು ಸಾಬರು. ಹಿಂದೆ ಮುಂದೆ ನೋಡಲಿಲ್ಲ. ನೋಡುವ ಚಾಳಿಯೇ ಅವರಿಗಿಲ್ಲ.

ಬೆಂಕಿಯಿಲ್ಲದ ಅಡುಗೆಯ ಶೋಧ ಸೊಸೆ ಶಾಜಿಯಾಳ ಮೊಬೈಲಿನಲ್ಲಿ ನಡೆಯಿತು. ಆಕೆ ಕನ್ನಡ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಕೆನೆ ಕಡೆದು, ಮಾವಿನ ರಸ ಸೇರಿಸಿ, ತಣ್ಣಗೆ ಮಾಡಿ, ಗಾಜಿನ ಬಟ್ಟಲಲ್ಲಿ ಕೊಡುವ ಒಂದು ವಿಡಿಯೋ ಸಿಕ್ಕಿತು. ಹೆಸರು ‘ಮ್ಯಾಂಗೋ ಫೂಲ್’. ಸಾಬರು ಹೆಸರು ಕೇಳಿದವರೇ ಉಳಿದದ್ದನ್ನು ನೋಡದೆ ಎದ್ದು, ಮುಗದ ಹಳ್ಳಿಯಿಂದ ಹಾಲು ತರುವ ಫಕೀರಪ್ಪನನ್ನು ಗೇಟಿನಲ್ಲಿ ಹಿಡಿದರು.

“ಫಕೀರಪ್ಪ, ನಾಳೆ ಬರೂಮುಂದ ಒಂದ ಬೊಗಸಿ ಮಾವಿನ ಹೂವ ತಗೊಂಬಾ.”

“ಮೇ ತಿಂಗಳದಾಗ ಹೂವ ಎಲ್ಲೀವ್ರಿ ಸಾಬ್ರ? ಹೂವೆಲ್ಲಾ ಕಾಯಾಗಿ, ಕಾಯೆಲ್ಲಾ ಹಣ್ಣಾಗಿ, ಹಣ್ಣೆಲ್ಲಾ ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋಗ್ಯಾವ.”

ಹಿಂದೆಯೇ ಓಡಿಬಂದ ಶಾಜಿಯಾ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡು ಮಾವನಿಗೆ ಹೇಳಿದಳು: “ಅಬ್ಬಾ, ಅದು ನಮ್ಮ ಉರ್ದು ಫೂಲ್ ಅಲ್ರಿ. ಹೂವ ಅಲ್ಲ. ಇಂಗ್ಲೀಷ ಫೂಲ್. ಅಂದ್ರ... ಮಳ್ಳ.”

“ಮಳ್ಳ?”

“ಹೆಸರು ಬರೋಬ್ಬರಿ ಇಟ್ಟಾರ,” ಎಂಬ ಧ್ವನಿ ಅಡುಗೆಮನೆಯ ಕಿಟಕಿಯಿಂದ ಬಂತು. “ಮಾಡಾವ್ರನ್ನ ನೋಡೇ ಇಟ್ಟಾರ.”

ಮೊದಲ ದಾಳಿ ಗುರುವಾರ ಮಧ್ಯಾಹ್ನ. ಅಡುಗೆಮನೆಗೆ ಪ್ರವೇಶವಿಲ್ಲದ್ದರಿಂದ ರಣರಂಗ ಪಡಸಾಲೆ. ಫ್ರಿಜ್ಜು ಅಲ್ಲೇ ಇತ್ತು. ಎಂಟು ದಿನ ಕೂಡಿಟ್ಟ ಕೆನೆಯನ್ನು ಸಾಬರು ಪಾತೇಲಿಗೆ ಸುರುವಿದರು. ಕೈಯಿಂದ ಕಡೆಯುವುದು ಅವರ ಘನತೆಗೆ ಕಡಿಮೆ. ಗೋಡೆಗೆ ತೂತು ಹಾಕುವ ಡ್ರಿಲ್ ಮಷಿನ್ನಿನ ಬಾಯಿಗೆ ತತ್ತಿ ಕಲಕುವ ತಂತಿಯ ಬೀಟರು ಕಚ್ಚಿಸಿದರು. ಮಷಿನ್ನು ಕೂಗಿದ ಕೂಗಿಗೆ ನಮ್ಮ ಮನೆಯ ಕಿಟಕಿ ಗಾಜು ನಡುಗಿತು. ಯಾರೋ ಬೋರ್‌ವೆಲ್ ಹಾಕಿಸುತ್ತಿದ್ದಾರೆಂದು ಹಿಂದಿನ ಓಣಿಯವರು ನೋಡಲು ಬಂದರು.

ಸಕ್ಕರೆ ಹಾಕಬೇಕೆಂದು ಮಷಿನ್ನು ನಿಲ್ಲಿಸಿ ನೋಡುತ್ತಾರೆ, ಕೆನೆ ಇಲ್ಲ. ಬೆಳ್ಳಗಿನ ಒಂದು ಮುದ್ದೆ ತಂತಿಗೆ ಜೋತುಬಿದ್ದಿದೆ. ಕೆಳಗೆ ತೆಳ್ಳನೆ ನೀರು ಮಜ್ಜಿಗೆ.

ಮದೀನಾಬಿಯವರು ಹೊಸ್ತಿಲವರೆಗೆ ಬಂದು ಇಣುಕಿದರು. “ಅಯ್ಯ, ಎಷ್ಟ ಛಲೋ ಬೆಣ್ಣಿ ತಗದೀರಿ! ನನ್ನ ಕೈನೋವು ಉಳಿಸಿದ್ರಿ,” ಎಂದು ಪಾತೇಲಿ ಎತ್ತಿಕೊಂಡು ಹೋದರು. ಅರ್ಧ ತಾಸಿನಲ್ಲಿ ಓಣಿಯ ತುಂಬ ತುಪ್ಪದ ಘಮಘಮ. ಸೋತ ಸೈನ್ಯದ ಸಾಮಾನನ್ನು ಗೆದ್ದವರು ಇಷ್ಟು ಲಗೂ ಕಾಯಿಸಿದ್ದನ್ನು ನಾನು ಇತಿಹಾಸದಲ್ಲಿ ಓದಿಲ್ಲ.

ಸಾಬರು ಕುಗ್ಗಲಿಲ್ಲ. ಶನಿವಾರ ಬೆಳಿಗ್ಗೆ ಫಕೀರಪ್ಪ ಊರ ಡೇರಿಯ ಮಷಿನ್ನಿನಲ್ಲಿ ತೆಗೆಸಿದ ಹಸಿ ಕೆನೆಯನ್ನು ಐಸಿನಲ್ಲಿಟ್ಟು ತಂದ. ಜೊತೆಗೆ ಮರದಲ್ಲೇ ಬಲಿತ, ಹುಲ್ಲಿನಲ್ಲಿ ಮಾಗಿದ ಒಂದು ಡಜನ್ ಆಪೂಸು. ಸಾಬರು ತಮ್ಮ ಪರಾಭವದ ವರದಿ ಒಪ್ಪಿಸಿದರು. ಎಮ್ಮೆ ಕಟ್ಟಿದವನು ಗಂಭೀರವಾಗಿ ತಲೆಯಾಡಿಸಿದ.

“ಭಾಳ ಸರಳ ಐತ್ರಿ ಸಾಬ್ರ. ಬೆಣ್ಣಿ ಲಗೂ ಬರ್ಲಿ ಅಂತ ನಮ್ಮಾಕಿ ಏನೇನ ಮಾಡ್ತಾಳ ಅದನ್ನ ಒಂದೂ ಮಾಡಬ್ಯಾಡ್ರಿ. ಆಕಿ ಕೆನಿ ಹೊರಗಿಟ್ಟ ಥಂಡ ಬಿಡಸ್ತಾಳ. ನೀವು ಪಾತೇಲಿ ಸೈತ ಬರ್ಫ ಆಗೂ ಹಂಗ ಇಡ್ರಿ. ಆಕಿ ಕಡ್ಯೂದು ನಿಲ್ಲಸಂಗಿಲ್ಲ, ನೀವು ನಿಲ್ಲಸ್ರಿ.”

“ಯಾವಾಗ ನಿಲ್ಲಸ್ಬೇಕು?”

ಫಕೀರಪ್ಪ ಟೋಪಿ ಸರಿಸಿ ತಲೆ ಕೆರೆದುಕೊಂಡ. “ಅದು ಗೊತ್ತಿಲ್ರಿ. ನಮ್ಮ ಮನ್ಯಾಗ ಇಲ್ಲೀತನಕ ಯಾರೂ ನಿಲ್ಲಿಸಿಲ್ಲ.”

ಭಾನುವಾರ ಒಂಬತ್ತೂವರೆಗೆ ಸಾಬರು ಪಡಸಾಲೆಯಲ್ಲಿ ವ್ಯೂಹ ರಚಿಸಿದರು. ಪಾತೇಲಿ ಬರ್ಫದಂತಿತ್ತು. ಅರ್ಧ ಹಣ್ಣು ಕಿವುಚಿ ರಸವಾಗಿತ್ತು, ಅರ್ಧ ಹಣ್ಣು ಕವಡೆಯಷ್ಟು ತುಂಡುಗಳಾಗಿತ್ತು. ಪುಡಿ ಸಕ್ಕರೆ, ಏಲಕ್ಕಿ ಪಕ್ಕದಲ್ಲಿದ್ದವು. ಬಿಸ್ಮಿಲ್ಲಾ ಹೇಳಿ ಡ್ರಿಲ್ಲಿನ ಗುಂಡಿ ಒತ್ತಿದರು.

ಕರೆಂಟು ಹೋಯಿತು.

ಶಾಜಿಯಾ “ಅಯ್ಯೋ ಅಬ್ಬಾ” ಎಂದಳು. ಅಡುಗೆಮನೆಯಲ್ಲಿ ಸೌಟು ಸ್ವಲ್ಪ ನಕ್ಕಂತೆ ಸದ್ದು ಮಾಡಿತು. ಆಪಾ ಎರಡಕ್ಕೆ ಬರುವವರು. ಕೆನೆ ನಾಲ್ಕು ತಾಸು ತಣ್ಣಗೆ ಕೂರಬೇಕು. ಸಾಬರು ತಂತಿಯನ್ನು ಡ್ರಿಲ್ಲಿನಿಂದ ಬಿಚ್ಚಿದರು, ಪಾತೇಲಿಯನ್ನು ತೊಡೆಯ ನಡುವೆ ಇಟ್ಟುಕೊಂಡರು, ಕೈಯಿಂದ ಕಡೆಯತೊಡಗಿದರು.

ಆಗ ಅವರಿಗೆ ಕೇಳಿಸಿತು.

ಗುರುವಾರ ಡ್ರಿಲ್ಲಿನ ಅಬ್ಬರದಲ್ಲಿ ಕೆನೆ ಏನು ಹೇಳಿತ್ತೋ ಯಾರಿಗೆ ಗೊತ್ತು. ಈಗ ಫ್ಯಾನಿಲ್ಲ, ಮಿಕ್ಸರಿಲ್ಲ, ಪಕ್ಕದ ಮನೆಯ ಟೀವಿ ಇಲ್ಲ (ಅದು ನಮ್ಮದೇ). ಪಾತೇಲಿಯೊಳಗೆ ಮೊದಲು ‘ಚಳಕ್ ಚಳಕ್’ ಎಂದು ನೀರಿನ ಮಾತು. ಸ್ವಲ್ಪ ಹೊತ್ತಿಗೆ ‘ಪಚ ಪಚ’. ಸಾಬರು ಕಣ್ಣು ಮುಚ್ಚಿದರು, ಕಿವಿಯನ್ನು ಪಾತೇಲಿಯ ಕಂಠಕ್ಕೆ ತಂದರು. ರಟ್ಟೆ ಸೋತಿತು, ಕೈ ಬದಲಿಸಿದರು. ಪಚ ಪಚ ನಿಧಾನಕ್ಕೆ ದಪ್ಪವಾಗಿ, ಒಳಗೆ ಇಳಿದು, ‘ಫುಸ್... ಫುಸ್...’ ಎಂದು ಹೊಸ ರಜಾಯಿಯ ಮೇಲೆ ಯಾರೋ ಕೂತಂತಹ ಶಬ್ದ ಬಂತು.

“ಸೌಂಡ್ ಸೆಟ್ ಆತು,” ಎಂದು ಸಾಬರು ತಟ್ಟನೆ ಕೈ ನಿಲ್ಲಿಸಿದರು.

ತಂತಿ ಮೇಲೆತ್ತಿದರೆ ಕೆನೆ ಅದರ ತುದಿಯಲ್ಲಿ ಗಿಳಿಯ ಕೊಕ್ಕಿನ ಹಾಗೆ ಬಾಗಿ ನಿಂತಿತು. ಇನ್ನೆರಡು ಸುತ್ತು ತಿರುವಿದ್ದರೆ ಮದೀನಾಬಿಯವರಿಗೆ ಮತ್ತೆ ತುಪ್ಪ ಸಿಗುತ್ತಿತ್ತು. ಸಕ್ಕರೆ, ಏಲಕ್ಕಿ ಉದುರಿಸಿ, ರಸ ಸುರಿದು, ಕಲಸದೆ, ಸೀರೆ ಮಡಚಿದಂತೆ ಮೂರೇ ಮಡಿಕೆ ಹಾಕಿದರು. ಬಿಳಿಯ ನಡುವೆ ಕೇಸರಿ ಗೆರೆಗಳು ಹಾಗೇ ಉಳಿದವು. ಆರು ಗಾಜಿನ ಬಟ್ಟಲಲ್ಲಿ ತಳಕ್ಕೆ ಹಣ್ಣಿನ ತುಂಡು, ಮೇಲೆ ಈ ಮೋಡ. ಹತ್ತು ಗಂಟೆಗೆ ಆರೂ ಫ್ರಿಜ್ಜಿನೊಳಗೆ ಹೋದವು.

ಕರೆಂಟು ಮಾತ್ರ ಬಂದಿರಲಿಲ್ಲ. ಸಾಬರು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಹಚ್ಚಿ ಕುರ್ಚಿ ಹಾಕಿಕೊಂಡು ಕೂತರು. ಒಳಗಿನ ಥಂಡಿ ಒಂದು ತೊಟ್ಟೂ ಹೊರಗೆ ಹೋಗಕೂಡದು. ಮೊದಲು ನೀರಿನ ಬಾಟ್ಲಿಗೆ ಬಂದ ತನ್ವೀರ ವಾಪಸಾದ. ಹನ್ನೊಂದಕ್ಕೆ ಮದೀನಾಬಿಯವರು ಬಂದರು.

“ಏಳ್ರಿ. ಬಿರಿಯಾನಿಗೆ ಕೊತ್ತಂಬ್ರಿ, ಪುದೀನಾ ತಗೀಬೇಕು.”

“ತಗ್ಯಾಕ ಬರಂಗಿಲ್ಲ.”

“ಮೊಸರೂ ಒಳಗೈತ್ರಿ.”

“ಎರಡಕ್ಕ ಬಾ. ಈಗ ಬಾಗಲಾ ತಗದ್ರ ಎಲ್ಲಾ ನೀರಾಗ್ತೈತಿ.”

ಆಕೆಯ ಕೈ ಫ್ರಿಜ್ಜಿನ ಹಿಡಿಕೆಯ ಮೇಲಿತ್ತು. ಒಂದು ಸಲ ಎಳೆದಿದ್ದರೆ ಸಮರ ಮುಗಿಯುತ್ತಿತ್ತು. ಮನೆಯಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಗಂಡನ ಕಡೆ ನೋಡಿದರು. ಎರಡೂ ರಟ್ಟೆ ಹಿಸುಕಿಕೊಳ್ಳುತ್ತ, ಮೀಸೆಯಲ್ಲಿ ಕೆನೆ ಅಂಟಿಸಿಕೊಂಡು, ಆ ಮನುಷ್ಯ ಗ್ಯಾರೇಜು ಬಿಟ್ಟ ಮೇಲೆ ಮೊದಲ ಸಲ ಕೆಲಸದ ಮೇಲಿರುವವರ ಹಾಗೆ ಕೂತಿದ್ದರು.

“ಹಟಮಾರಿ,” ಎಂದು ಹಿಡಿಕೆ ಬಿಟ್ಟು ಒಳಗೆ ಹೋದರು.

ಒಂದು ಗಂಟೆಗೆ ಕರೆಂಟು ಬಂತು. ಎರಡಕ್ಕೆ ಮುಸರತ ಆಪಾ ಬಂದರು. ಗೋಡೆಯಾಚೆಯ ಸಾಕ್ಷಿಯೆಂದು ನನಗೂ ಒಂದು ತಾಟು ಹಾಕಿದ್ದರು. ಆಪಾ ಮೊದಲ ತುತ್ತಿಗೇ ಕಣ್ಣು ಕಿರಿದು ಮಾಡಿದರು.

“ಮದೀನಾ, ಬಿರಿಯಾನಿಗೆ ಕೊತ್ತಂಬ್ರಿ, ಪುದೀನಾ ಮರತೀ ಏನ? ಮೊಸರ ಪಚಡೀನೂ ಇಲ್ಲ!”

ಮೂವತ್ತೆರಡು ವರ್ಷದಲ್ಲಿ ಉಪ್ಪಿನ ಒಂದು ಹರಳನ್ನೂ ಮರೆಯದ ಮದೀನಾಬಿಯವರು ತಲೆ ತಗ್ಗಿಸಿ ಹೇಳಿದರು: “ಹೂಂ ಆಪಾ. ಮರತೆ.”

ಸಾಬರು ಬಾಯಿ ತೆರೆದರು. ಮೇಜಿನ ಕೆಳಗೆ ಏನೋ ಆಯಿತು, ಮುಚ್ಚಿದರು.

ಬಟ್ಟಲುಗಳು ಬಂದವು. ಗಾಜಿನ ಮೇಲೆ ಮಂಜು ಕಟ್ಟಿತ್ತು. ಆಪಾ ಚಮಚ ಇಳಿಸಿದರು. ಚಮಚ ಸದ್ದಿಲ್ಲದೆ ಇಳಿಯಿತು.

“ಏನಂತಾರ ಇದಕ್ಕ?”

“ಆಮ್ ಕಾ ಫೂಲ್, ಆಪಾ,” ಎಂದರು ಸಾಬರು.

“ಮಾವಿನ ಹೂವು! ಎಷ್ಟ ಛಂದ ಹೆಸರು.”

ಶಾಜಿಯಾಳಿಗೆ ಕೆಮ್ಮು ಬಂತು. ಮದೀನಾಬಿಯವರು, “ಹೌದು ಆಪಾ, ಹೂವು,” ಎಂದು ಸೊಸೆಯ ಬೆನ್ನು ತಟ್ಟಿದರು, ಸ್ವಲ್ಪ ಜೋರಾಗಿಯೇ.

ಎರಡನೆಯ ಚಮಚ ಹೋಯಿತು. ಮೂರನೆಯದು ಹೋಯಿತು. ಆಮೇಲೆ ಆಪಾ ಚಮಚವನ್ನು ಕೆಳಗಿಟ್ಟರು. ಅವರ ಎರಡು ಬೆರಳು ಬಟ್ಟಲಿನ ಅಂಚಿಗೆ ಬಂದವು. ಬಟ್ಟಲು ಅಲುಗಿತು.

ಅದು ಆಚೆ ಹೋಗಲಿಲ್ಲ. ಇದ್ದಲ್ಲೇ ಅರ್ಧ ಸುತ್ತು ತಿರುಗಿತು. ಆಚೆ ಬದಿಗೆ ಅಂಟಿದ್ದ ಕೆನೆ ಈಚೆ ಬಂತು. ಆಪಾ ಚಮಚ ಎತ್ತಿಕೊಂಡು ಅದನ್ನು ಕೆರೆದರು, ತಳ ಕೆರೆದರು, ಬರಿಯ ಗಾಜು ‘ಟಿಣ್’ ಎಂದಿತು. ಆ ಶಬ್ದವನ್ನು ಸಾಬರು ಕಣ್ಣು ಮುಚ್ಚಿ ಕೇಳಿದರು.

“ಯಾರ ಮಾಡ್ಯಾರ?”

“ಇವ್ರು,” ಎಂದರು ಮದೀನಾಬಿ. “ಯಾರೂ ಕೈ ಹಚ್ಚಿಲ್ಲ.”

ಅದು ಅಕ್ಷರಶಃ ನಿಜ. ಕೈ ಹಚ್ಚಬೇಕಾದ ಕೊತ್ತಂಬರಿ, ಮೊಸರಿಗೂ ಹಚ್ಚಿರಲಿಲ್ಲ.

ಸೋಮವಾರ ಬೆಳಿಗ್ಗೆ ಸಾಬರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬಲಗಾಲಿಟ್ಟು ಅಡುಗೆಮನೆಯ ಹೊಸ್ತಿಲು ದಾಟಿದರು. ಮದೀನಾಬಿಯವರು ಮಾತು ತಪ್ಪುವವರಲ್ಲ. ಕಿಟಕಿಯ ಕೆಳಗೆ ಒಂದು ಮಣೆ ಹಾಕಿ ಇಟ್ಟಿದ್ದರು. ಮಣೆಯ ಮುಂದೆ ಒಂದು ಬುಟ್ಟಿ.

“ಕುಂಡ್ರಿ. ಉಪ್ಪಿನಕಾಯಿ ಹಾಕೋದೈತಿ. ಬಳ್ಳೊಳ್ಳಿ ಸುಲೀರಿ.”

“ನಾ ಬಳ್ಳೊಳ್ಳಿ ಸುಲ್ಯಾಕ ಗೆದ್ದೇನೇನ?”

“ಜಾಗಾ ಕೇಳಿದ್ರಿ, ಕೊಟ್ಟೇನಿ. ಅಡಗಿ ಮನ್ಯಾಗ ಕೆಲಸ ಇಲ್ದ ಜಾಗಾ ಎಲ್ಲೈತಿ?”

ಸಾಬರು ಬುಟ್ಟಿಯನ್ನು ಒಮ್ಮೆ ನೋಡಿದರು. ಎರಡು ಕಿಲೋಗೆ ಕಡಿಮೆ ಇರಲಿಲ್ಲ. ಇಸ್ತ್ರಿ ಅಂಗಿಯ ತೋಳು ಮಡಚಿ, ಮಣೆಯ ಮೇಲೆ ಕೂತು, ಮೊದಲ ಗಡ್ಡೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು.

“ಒಣಗೇತಿ,” ಎಂದರು. “ಛಲೋ ಮಾಲು.”