ಚೌಪಾಟಿಯಲ್ಲಿ ಬಂದ ಅಮ್ಮ

ಆ ಕಾಲದಲ್ಲಿ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿದ್ದ ನಮಗೆ ಸಮುದ್ರ ಕಾಣಬೇಕಾದರೆ ಮನೆಗೆ ನೆಂಟರು ಬರಬೇಕಿತ್ತು. ನಾವಾಗಿಯೇ ಎಂದೂ ಹೋದವರಲ್ಲ. ವಾರವಿಡೀ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಫೋರ್ಟಿನ ಆಫೀಸಿಗೆ ಹೋಗಿಬರುತ್ತಿದ್ದ ಅಪ್ಪನಿಗೆ ಭಾನುವಾರವೂ ಅದೇ ಟ್ರೇನು ಹತ್ತುವುದೆಂದರೆ ಶಿಕ್ಷೆ. ಆದರೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಯಾರಾದರೂ ಬಂದರೆ ಸಾಕು, ಸಮುದ್ರವನ್ನು ತಾವೇ ತೋಡಿಸಿದವರ ಹಾಗೆ ಉಬ್ಬಿಕೊಂಡು ಹೊರಡುತ್ತಿದ್ದರು. ಹಾಗಾಗಿ ನನ್ನ ಪಾಲಿಗೆ ಸಮುದ್ರವೆಂದರೆ ಪುಳಿಯೋಗರೆಯ ಡಬ್ಬಿ, ಭೇಲ್‌ಪುರಿಯ ಹುಳಿ, ಚಪ್ಪಲಿಗೆ ಅಂಟಿಕೊಂಡು ಮನೆಯವರೆಗೂ ಬರುವ ಮರಳು, ಮತ್ತು ಯಾರಾದರೊಬ್ಬ ನೆಂಟರು.

ನನ್ನ ನಾಲ್ಕನೇ ತರಗತಿಯ ಪರೀಕ್ಷೆ ಮುಗಿದ ಬೇಸಗೆಯಲ್ಲಿ ಬಂದವರು ಶಾರದತ್ತೆ, ಅಪ್ಪನ ಅಕ್ಕ. ಮೈಸೂರು ಬಿಟ್ಟು ಹೆಚ್ಚು ದೂರ ಹೋದವರಲ್ಲ, ಸಮುದ್ರವನ್ನಂತೂ ಕಂಡವರೇ ಅಲ್ಲ. ನಮ್ಮ ಮನೆಗೆ ಅವರು ಬಂದದ್ದು ಬಹಳ ವರ್ಷಗಳ ಮೇಲೆ. ಅದಕ್ಕೊಂದು ಕಾರಣವಿತ್ತು. ಅಪ್ಪ ಅಮ್ಮನ ಮದುವೆಯಾದ ಹೊಸತರಲ್ಲಿ ಅತ್ತೆ ಬಂದಿದ್ದಾಗ, ಅಮ್ಮ ಮಾಡಿದ ಸಾರನ್ನು ಒಂದು ತುತ್ತು ತಿಂದು, ಏನೂ ಮಾತಾಡದೆ ಎದ್ದು ಹೋಗಿ, ಅದಕ್ಕೆ ಎರಡನೇ ಸಲ ಒಗ್ಗರಣೆ ಹಾಕಿಕೊಂಡು ಬಂದು ಬಡಿಸಿದ್ದರಂತೆ. ಅಪ್ಪ ಅದನ್ನು ಚೆನ್ನಾಗಿದೆ ಎಂದುಬಿಟ್ಟಿದ್ದರಂತೆ. ಅಂದಿನಿಂದ ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ‘ಕಾಫಿ ಆಯಿತೇ ಅಕ್ಕ’, ‘ಆಯಿತಮ್ಮ’ ಎನ್ನುವಂಥ ಇಸ್ತ್ರಿ ಹಾಕಿದ ಮಾತುಗಳಿದ್ದವು, ಅಷ್ಟೆ.

ಸೋಮವಾರ ಕಲ್ಯಾಣದಿಂದ ಅತ್ತೆಗೆ ಮೈಸೂರಿನ ರೈಲು. ಅಪ್ಪನಿಗೆ ರಜೆಯಿದ್ದದ್ದು ಭಾನುವಾರ ಒಂದೇ ದಿನ. ಅತ್ತೆ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಸಿರು ಮೈಸೂರು ಸಿಲ್ಕಿನ ಸೀರೆಯುಟ್ಟು, ಮಲ್ಲಿಗೆ ಮುಡಿದು ಸಿದ್ಧರಾಗಿ ಕೂತಿದ್ದರು. ಬೀಚಿಗೆ ರೇಷ್ಮೆ ಸೀರೆ ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಮೊದಲ ಸಲ ನೋಡುವಾಗ ಬರಿಗೈಲಿ, ಹಳೇ ಸೀರೆಯಲ್ಲಿ ಹೋಗುತ್ತಾರೇನೋ ಎಂದು ಗದರಿದರು. ಅಷ್ಟರಲ್ಲಿ ನನ್ನ ತಮ್ಮ ತೇಜು ಎದ್ದು ಬಂದ. ಅವನಿಗಾಗ ನಾಲ್ಕು ವರ್ಷ. ಅಮ್ಮ ಅಭ್ಯಾಸದಂತೆ ಅವನ ಹಣೆ ಮುಟ್ಟಿ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಮೈ ಕೆಂಡದಂತಿತ್ತು.

ಅಪ್ಪ ತಕ್ಷಣ ಪ್ರವಾಸ ರದ್ದು ಎಂದರು. ಅತ್ತೆ, “ಸಮುದ್ರ ಎಲ್ಲಿಗೂ ಓಡಿಹೋಗಲ್ಲ ಬಿಡೋ ಸೀನ” ಎಂದು ಮುಡಿಯ ಹೂವಿಗೆ ಕೈ ಹಾಕಿದರು. ಒಪ್ಪದವನು ತೇಜು ಒಬ್ಬನೇ. ಬಿಲ್ಡಿಂಗಿನ ಮಕ್ಕಳ ಜೊತೆ ಬೆಳೆದ ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಮರಾಠಿಯೋ ಹಿಂದಿಯೋ ಬರುತ್ತಿತ್ತು. “ಮಲಾ ಕಾಹಿ ನಾಹಿ ಝಾಲಂ,” ನನಗೇನೂ ಆಗಿಲ್ಲ ಎಂದು ಕೂಗಿ, ಸಾಬೀತುಪಡಿಸಲು ಸೋಫಾದಿಂದ ಎರಡು ಸಲ ಧುಮುಕಿದ. ಆಮೇಲೆ ಥರ್ಮಾಮೀಟರ್ ತರುವಷ್ಟರಲ್ಲಿ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಟಲಿಯಿಂದ ಬಾಯಿತುಂಬ ತಣ್ಣೀರು ಕುಡಿದು ಬಂದ. ಥರ್ಮಾಮೀಟರ್ ಪ್ರಕಾರ ಅವನು ನಮಗೆಲ್ಲರಿಗಿಂತ ಆರೋಗ್ಯವಾಗಿದ್ದ.

ಥರ್ಮಾಮೀಟರನ್ನು ಅಮ್ಮ ನಂಬಲಿಲ್ಲ. ಆದರೂ ಹೋಗೋಣ ಎಂದು ತೀರ್ಮಾನಿಸಿದವಳು ಅವಳೇ. ತಮ್ಮನ ಮನೆಗೆ ಹೋಗಿ ಸಮುದ್ರ ನೋಡದೇ ಬಂದೆ ಎಂದು ಇನ್ನು ಹತ್ತು ವರ್ಷ ಮೈಸೂರಿನಲ್ಲಿ ಹೇಳಿಕೊಂಡು ತಿರುಗುವುದು ಬೇಡ ಎಂದು ಅಪ್ಪನಿಗೆ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅತ್ತೆಗೂ ಕೇಳಿಸಿರಬೇಕು, ನಮ್ಮದು ಒಂದೇ ಬೆಡ್‌ರೂಮಿನ ಮನೆ. ತೇಜುವಿಗೆ ಜ್ವರದ ಸಿರಪ್ ಕುಡಿಸಿ, ಸ್ವೆಟರ್ ತೊಡಿಸಿ, ಮಂಕಿ ಕ್ಯಾಪ್ ಹಾಕಿ, ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು ಹೊರಟೆವು.

ಮಾರ್ಚ್ ಕೊನೆಯ ಬಿಸಿಲು. ಲೇಡೀಸ್ ಡಬ್ಬಿಯಲ್ಲಿದ್ದವರೆಲ್ಲ ಮಂಕಿ ಕ್ಯಾಪಿನೊಳಗಿಂದ ಇಣುಕುತ್ತಿದ್ದ ಎರಡು ಕಣ್ಣುಗಳನ್ನೇ ನೋಡುತ್ತಿದ್ದರು. ಒಬ್ಬ ಹೆಂಗಸು, ನೀವು ಕಾಶ್ಮೀರದಿಂದ ಬರುತ್ತಿದ್ದೀರಾ ಎಂದು ಅಮ್ಮನನ್ನು ಕೇಳಿದಳು. ದಾದರಿನಲ್ಲಿ ಗಾಡಿ ಬದಲಿಸಿ ಚರ್ನಿ ರೋಡಿನಲ್ಲಿ ಇಳಿದು ಚೌಪಾಟಿ ಮುಟ್ಟುವ ಹೊತ್ತಿಗೆ ಬಿಸಿಲು ಸ್ವಲ್ಪ ಇಳಿದಿತ್ತು.

ಸಮುದ್ರ ಕಂಡದ್ದೇ ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ಸುಟ್ಟ ಜೋಳದ ಹೊಗೆ, ಪಾವ್‌ಭಾಜಿಯ ಬೆಣ್ಣೆ, ಹಸಿ ಕೆಸರು, ಎಲ್ಲವೂ ಒಟ್ಟಿಗೆ ಮೂಗಿಗೆ ಬರುತ್ತಿತ್ತು. ಅಪ್ಪ ಅಭಿಪ್ರಾಯಕ್ಕಾಗಿ ಕಾಯುತ್ತ ಪಕ್ಕದಲ್ಲಿ ನಿಂತಿದ್ದರು. ಅತ್ತೆ ಬಹಳ ಹೊತ್ತು ನೋಡಿದ ಮೇಲೆ ಹೇಳಿದರು: “ಇಷ್ಟು ನೀರು ಇಟ್ಕೊಂಡು ನಿಮ್ಮನೇಲಿ ನಲ್ಲಿ ದಿನಕ್ಕೊಂದು ಗಂಟೆ ಬರತ್ತಲ್ಲೋ.”

ಆದರೆ ನೀರಿನ ಹತ್ತಿರ ಹೋಗಲು ಅವರು ಒಪ್ಪಲಿಲ್ಲ. ಅಲೆಗೆ ಸಿಕ್ಕಿ ಹೋದವರ ಕಥೆಗಳನ್ನು ಮೈಸೂರಿನಲ್ಲಿ ಬೇಕಾದಷ್ಟು ಕೇಳಿದ್ದರು. ಜಮಖಾನ ಹಾಸಿ, ತೇಜುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ದೂರದಿಂದಲೇ ಸಾಕು ಎಂದರು. ಅವರಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಇವನೋ ಕನ್ನಡ ಆಡುವವನಲ್ಲ. ಅಮ್ಮ ಗಂಜಿ ತೆಗೆದಾಗಲೆಲ್ಲ ಇವನು ಐಸ್ ಗೋಲಾದ ಗಾಡಿಯ ಕಡೆ ಕೈ ತೋರಿಸಿ ಏನೇನೋ ವಾದಿಸುತ್ತಿದ್ದ. ಅತ್ತೆ ಎಲ್ಲದಕ್ಕೂ ‘ಹೌದು ಕಂದ, ನಿಜ ಕಂದ’ ಎನ್ನುತ್ತಿದ್ದರು.

ಅಮ್ಮ ನನ್ನ ಕಾಲು ತೊಳೆಸಲು ನೀರಿನ ಬಳಿ ಕರೆದುಕೊಂಡು ಹೋದಾಗ ಅಪ್ಪ ತೇಜುವನ್ನು ಸುಮ್ಮನೆ ಅಡ್ಡಾಡಿಸಿಕೊಂಡು ಬರುತ್ತೇನೆಂದು ಎತ್ತಿಕೊಂಡು ಹೋಗಿ, ಬೇಗನೇ ಮರಳಿದರಂತೆ. ನಾವು ತಿರುಗಿ ಬಂದು ಇನ್ನೇನು ಕೂರಬೇಕು, ಅವನು ಅತ್ತೆಯ ತೊಡೆಯ ಮೇಲೆ ಕೂತಲ್ಲಿಂದಲೇ ವಾಂತಿ ಮಾಡಿದ. ಹಸಿರು ರೇಷ್ಮೆ ಸೀರೆಯ ಮಡಿಲು ತುಂಬಿತು. ಗಂಜಿ ಬೆಳ್ಳಗಿರುತ್ತದೆ. ಇದು ಕಡು ನೇರಳೆ, ಕಾಲಾಖಟ್ಟಾ ಸಿರಪ್ಪು ಸುರಿದ ಗೋಲಾದ ಬಣ್ಣ. ಅಮ್ಮ ಆ ಬಣ್ಣವನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ಸಮುದ್ರವನ್ನು ನೋಡುತ್ತಿದ್ದರು.

ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಬಳಿ ಉಗುರು ಕತ್ತರಿಸದ ಕೈ ಕೂಡ ಸುಳಿಯುವಂತಿರಲಿಲ್ಲ. ಅಮ್ಮ ಬಿಳಿಚಿಕೊಂಡು, “ಅಕ್ಕ, ತಪ್ಪಾಯ್ತು” ಎಂದು ಕರವಸ್ತ್ರ ಹಿಡಿದು ಬಗ್ಗಿದಳು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ತೇಜುವನ್ನು ಸೊಂಟಕ್ಕೇರಿಸಿಕೊಂಡು ಎದ್ದು, ಯಾರ ಮುಖವನ್ನೂ ನೋಡದೆ ನೆಟ್ಟಗೆ ಸಮುದ್ರದ ಕಡೆ ನಡೆದರು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಹೋದವರು ಬಗ್ಗಿ ಸೀರೆ ತೊಳೆಯತೊಡಗಿದರು, ಮನೆಯ ಹಿತ್ತಲಿನ ಕಲ್ಲಿನ ಮುಂದೆ ನಿಂತವರ ಹಾಗೆ.

ಅಮ್ಮ ಓಡಿದಳು. ಅವಳು ಅತ್ತೆಯ ರಟ್ಟೆ ಹಿಡಿಯುವುದಕ್ಕೂ ಒಂದು ಅಲೆ ಬರುವುದಕ್ಕೂ ಸರಿಹೋಯಿತು. ಚೌಪಾಟಿಯ ಅಲೆ ಏನು ಮಹಾ ಅಲೆಯಲ್ಲ. ಆದರೆ ನೆನೆದ ರೇಷ್ಮೆಗೆ ಅಷ್ಟೇ ಸಾಕಾಗಿತ್ತು. ಅತ್ತೆ ಕೂತುಬಿಟ್ಟರು, ಅವರನ್ನು ಹಿಡಿದಿದ್ದ ಅಮ್ಮನೂ ಕೂತಳು. ಅತ್ತೆಯ ಕುತ್ತಿಗೆಗೆ ಜೋತುಬಿದ್ದ ತೇಜು ಮಂಕಿ ಕ್ಯಾಪಿನಿಂದ ನೀರು ಸುರಿಸುತ್ತ ಬೆಳಗಿನಿಂದ ಮೊದಲ ಬಾರಿ ನಕ್ಕ. ಅತ್ತೆ ನಾಲಿಗೆಯಿಂದ ತುಟಿ ಸವರಿಕೊಂಡರು.

“ವತ್ಸಲ, ನಿಜವಾಗ್ಲೂ ಉಪ್ಪು ಕಣೇ.”

ಅಮ್ಮನಿಗೆ ತಡೆಯಲಾಗಲಿಲ್ಲ. ಇಬ್ಬರೂ ನೀರಿನಲ್ಲಿ ಕೂತೇ ನಗತೊಡಗಿದರು. ಒಬ್ಬರನ್ನೊಬ್ಬರು ಎಬ್ಬಿಸಲು ಹೋಗಿ ಮತ್ತೆ ಕೂರುತ್ತಿದ್ದರು. ಕೊನೆಗೆ ಅಪ್ಪ ಪ್ಯಾಂಟು ಮಡಚಿಕೊಂಡು ಹೋಗಿ ಎಲ್ಲರನ್ನೂ ದಡಕ್ಕೆ ಸಾಗಿಸಿದರು.

ನಗು ನಿಂತದ್ದು ತೇಜುವಿನ ಒದ್ದೆ ಸ್ವೆಟರ್ ಕಳಚಿದಾಗ. ಬೆನ್ನಿನ ತುಂಬ ಕೆಂಪು ಗುಳ್ಳೆಗಳು. ಸೊಳ್ಳೆ ಕಚ್ಚಿರಬೇಕು ಎಂದು ಅಪ್ಪ ಸಣ್ಣ ದನಿಯಲ್ಲಿ ಹೇಳಿದರು. ಅತ್ತೆ ಬೆರಳಿನಿಂದ ಒಂದು ಗುಳ್ಳೆ ಮುಟ್ಟಿ ನೋಡಿದರು.

“ವತ್ಸಲ, ಇಲ್ನೋಡು. ಅಮ್ಮ ಬಂದಿದಾಳೆ.”

ನಾನು ತಿರುಗಿ ಜನರ ನಡುವೆ ಹುಡುಕಿದೆ. ಅಮ್ಮನ ಅಮ್ಮ, ನನ್ನ ಅಜ್ಜಿ, ಇದ್ದದ್ದು ಬೆಂಗಳೂರಿನಲ್ಲಿ. ಅವಳು ಹೇಳದೇ ಕೇಳದೇ ಚೌಪಾಟಿಗೆ ಹೇಗೆ ಬಂದಳು? ಎಲ್ಲಿ, ಎಲ್ಲೂ ಕಾಣಿಸುತ್ತಿಲ್ಲವಲ್ಲ ಎಂದೆ. ಅಮ್ಮ ಬರುವುದೆಂದರೆ ಸೀತಾಳೆ ಸಿಡುಬು ಎಂದು ಗೊತ್ತಾದದ್ದು ಆಮೇಲೆ.

ಡೊಂಬಿವಲಿ ಎಂದೊಡನೆ ಟ್ಯಾಕ್ಸಿಯವರೆಲ್ಲ ತಲೆಯಾಡಿಸಿದರು. ಮತ್ತೆ ಟ್ರೇನೇ ಗತಿ. ದಾದರಿನಲ್ಲಿ ಕಲ್ಯಾಣದ ಗಾಡಿ ಉಸಿರಾಡಲೂ ಜಾಗವಿಲ್ಲದಂತೆ ತುಂಬಿತ್ತು. ಮಗುವನ್ನು ಶಾಲಿನಲ್ಲಿ ಸುತ್ತಿ ಸುಮ್ಮನಿದ್ದುಬಿಡಿ ಎಂದು ಹೇಳಿ ಅಪ್ಪ ಗಂಡಸರ ಡಬ್ಬಿಗೆ ಹೋದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆಯೇ ಇದ್ದಳು. ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ಪಕ್ಕಕ್ಕೆ ಸರಿದು, ಮಗುವನ್ನು ಇಲ್ಲಿ ಕೂರಿಸಿ ಎಂದಳು. ಅಮ್ಮನಿಗೆ ಇನ್ನು ಸುಮ್ಮನಿರಲಾಗಲಿಲ್ಲ. ದೂರ ಹೋಗಮ್ಮ, ಇವನಿಗೆ ಕಾಂಜಿಣ್ಯಾ ಆಗಿದೆ ಎಂದು ಮರಾಠಿಯಲ್ಲಿ ಹೇಳಿದಳು.

ಆ ಡಬ್ಬಿಯಲ್ಲಿ ಅಷ್ಟು ಜಾಗ ಎಲ್ಲಿಂದ ಹುಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೇ ನಿಮಿಷಕ್ಕೆ ನಮ್ಮ ಸುತ್ತ ಎರಡು ಬೆಂಚು ಖಾಲಿ. ಎಲ್ಲರೂ ಆ ತುದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡು, ಅಲ್ಲಿಂದಲೇ ಪಥ್ಯ ಹೇಳುತ್ತಿದ್ದರು. ಕರಿದದ್ದು ಕೊಡಬೇಡಿ, ತುರಿಸಲು ಬಿಡಬೇಡಿ, ಬೇವಿನ ಸೊಪ್ಪು ಹಾಸಿ. ಥಾಣೆ ದಾಟಿದರೂ ಸಲಹೆ ನಿಲ್ಲಲಿಲ್ಲ. ಕಿಟಕಿಯ ಪಕ್ಕ ಕಾಲು ಚಾಚಿ ಕೂತ ಅತ್ತೆ ಮುಖಕ್ಕೆ ಗಾಳಿ ಬಿಟ್ಟುಕೊಂಡು, ಮುಂಬೈ ರೈಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲವೆಂದು ಸೀನ ಸುಮ್ಮನೆ ಹೆದರಿಸಿದ್ದ ಎಂದರು.

ಸೋಮವಾರದ ರೈಲಿಗೆ ಅತ್ತೆ ಹೋಗಲಿಲ್ಲ. ಅವರಿಗೆ ಚಿಕ್ಕಂದಿನಲ್ಲೇ ಸೀತಾಳೆ ಸಿಡುಬು ಆಗಿ ಹೋಗಿತ್ತು. ನಮಗ್ಯಾರಿಗೂ ಆಗಿರಲಿಲ್ಲ. ತೇಜುವಿನದು ಒಣಗುತ್ತಿದ್ದಂತೆ ನನಗೆ ಬಂತು. ನನ್ನ ಹಿಂದೆಯೇ ಅಪ್ಪನಿಗೂ ಅಮ್ಮನಿಗೂ. ಅಪ್ಪ ಮುಖಕ್ಕೆಲ್ಲ ಗುಲಾಬಿ ಲೋಷನ್ ಬಳಿದುಕೊಂಡು, ನಮ್ಮಿಬ್ಬರಿಗಿಂತ ಜೋರಾಗಿ ನರಳುತ್ತ ಮಲಗಿದ್ದರು. ಎದುರು ಮನೆಯ ಉಡುಪಿಯ ಶೆಟ್ಟಿ ಆಂಟಿ ಬೇವಿನ ಸೊಪ್ಪನ್ನು ಬಾಗಿಲ ಹಿಡಿಗೆ ಸಿಕ್ಕಿಸಿ, ಬೆಲ್ ಒತ್ತಿ ಓಡಿಹೋಗುತ್ತಿದ್ದರು. ಮನೆಯಲ್ಲಿ ನಿಂತು ಓಡಾಡುತ್ತಿದ್ದವರು ಅತ್ತೆ ಒಬ್ಬರೇ.

ಒಂದು ಮಧ್ಯಾಹ್ನ ಅತ್ತೆ ಅಮ್ಮನ ಹಾಸಿಗೆಯ ಬಳಿ ಕೂತು ಮೆತ್ತಗೆ ಕಲಸಿದ ಸಾರನ್ನ ತಿನ್ನಿಸುತ್ತಿದ್ದರು. ಅಮ್ಮ ಒಂದು ತುತ್ತು ನುಂಗಿ, ಕಣ್ಣು ಮುಚ್ಚಿಕೊಂಡೇ ಹೇಳಿದಳು.

“ಅಕ್ಕ, ಇದಕ್ಕೆ ಇನ್ನೊಂದು ಒಗ್ಗರಣೆ ಬೇಕಿತ್ತು.”

ಅತ್ತೆಯ ಕೈ ಅಲ್ಲೇ ನಿಂತಿತು. ಪಕ್ಕದ ಚಾಪೆಯಲ್ಲಿ ಅಪ್ಪ ನರಳುವುದನ್ನೂ ನಿಲ್ಲಿಸಿದರು. “ಅಯ್ಯೋ ಪುಣ್ಯಾತ್ಗಿತ್ತಿ, ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ಯಾ?” ಎಂದರು ಅತ್ತೆ. ಇಟ್ಟುಕೊಂಡಿದ್ದೆ ಎಂದು ಅಮ್ಮ ತಲೆಯಾಡಿಸಿದಳು. ಅತ್ತೆ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಆಗ ನಾನೂ ಚಿಕ್ಕವಳು ಕಣೇ, ತಮ್ಮ ಕೈತಪ್ಪಿ ಹೋದ ಅಂತ ಸಂಕಟ ಆಗಿತ್ತು ಎಂದರು. ಅಮ್ಮ ಅತ್ತೆಯ ಮೊಣಕಾಲ ಮೇಲೆ ಗುಳ್ಳೆ ತುಂಬಿದ ಕೈ ಇಟ್ಟಳು. ಉಳಿದ ಅನ್ನವನ್ನು ಪೂರ್ತಿ ತಿಂದಳು.

ಅತ್ತೆ ಹೊರಡುವ ಹೊತ್ತಿಗೆ ತೇಜು ಅಚ್ಚ ಮೈಸೂರು ಕನ್ನಡದಲ್ಲಿ ಹಠ ಮಾಡುವುದನ್ನು ಕಲಿತಿದ್ದ. ಕಲ್ಯಾಣ ಸ್ಟೇಷನ್ನಿನಲ್ಲಿ ಅತ್ತೆಯ ಕೈ ಬಿಡದೆ ಅತ್ತವನು ಅವನಲ್ಲ, ಅಮ್ಮ.

ಅತ್ತೆ ತೀರಿಕೊಂಡು ಈಗ ಕೆಲವು ವರ್ಷಗಳಾದವು. ತೇಜು ಘಣ್ಸೋಲಿಯಲ್ಲಿದ್ದಾನೆ, ನಾನು ಥಾಣೆಯಲ್ಲಿ. ಸಮುದ್ರಕ್ಕೆ ಹೋಗಲು ಈಗ ನಮಗೆ ನೆಂಟರ ನೆಪ ಬೇಕಿಲ್ಲ, ಕಾರಿದೆ. ನೆಂಟರೂ ಬರುತ್ತಾರೆ, ವಿಮಾನದಲ್ಲಿ ಬಂದು ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾರೆ. ಮನೆಯ ಮಗುವಿಗೊಂದು ಜ್ವರ ಬರುವಷ್ಟು ಹೊತ್ತೂ ಯಾರೂ ಉಳಿಯುವುದಿಲ್ಲ.

ಹೋದ ಡಿಸೆಂಬರಿನಲ್ಲಿ ಅತ್ತೆಯ ಮಗ ರವಿಯಣ್ಣ ಆಫೀಸಿನ ಕೆಲಸದ ಮೇಲೆ ವಾಶಿಗೆ ಬಂದಿದ್ದ. ಎಲ್ಲರೂ ಒಂದು ರೆಸ್ಟೋರೆಂಟಿನಲ್ಲಿ ಸೇರಿ ಊಟ ಮಾಡಿದೆವು, ಫೋಟೋ ತೆಗೆಸಿಕೊಂಡೆವು. ಅವನ ಟ್ಯಾಕ್ಸಿ ಬಂದು ನಿಂತಾಗ ಅಮ್ಮ ಬಾಗಿಲು ಹಾಕಲು ಬಿಡದೆ ಅವನ ಕೈ ಹಿಡಿದುಕೊಂಡಳು.

“ಒಂದು ಹದಿನೈದು ದಿನ ಇದ್ದು ಹೋಗಬಹುದಿತ್ತು ಕಣೋ.”

ಹಿರಿಯರ ತಮಾಷೆಗೆ ನಗುವವರ ಹಾಗೆ ಅವನು ಜೋರಾಗಿ ನಕ್ಕ. ಟ್ಯಾಕ್ಸಿಯವನು ಹಾರ್ನ್ ಒತ್ತಿದ. ಅಮ್ಮ ನಗಲಿಲ್ಲ.